ಜೆಸಿಬಿ ಬರುವ ಮುಂಚೆ ಕರೆಯಬೇಕಾದವರು: ನಿಟ್ಟೂರು ಕಡೆಯ ನಮ್ಮ ಮೂರು ಎಕರೆಯ ಕೆಲಸ

ಮಲೆನಾಡಿನಲ್ಲಿ ಜಾಗ ತಗೊಂಡು ಮನೆಯೋ ಹೋಂಸ್ಟೇಯೋ ಕಟ್ಟಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಗರದ ಒಂದು ಸಣ್ಣ ತಂಡ ನಮ್ಮ ಜಾಗದ ಕೆಲಸ ಮಾಡಿಕೊಟ್ಟಿದೆ. ಕಟ್ಟಡ ಅವರದ್ದಲ್ಲ, ಜಾಗ ಮಾತ್ರ. ಎಲ್ಲಿ ಅಗೆಯಬೇಕು, ಎಲ್ಲಿ ಮುಟ್ಟಬಾರದು, ಮಳೆನೀರು ಯಾವ ದಾರಿಯಲ್ಲಿ ಹೋಗಬೇಕು, ಯಾವ ಗಿಡ ಎಲ್ಲಿ ಬರಬೇಕು, ಕಟ್ಟಿ ಮುಗಿದ ಮೇಲೆ ಮೊದಲಿದ್ದಕ್ಕಿಂತ ಜಾಸ್ತಿ ಜೀವ ಅಲ್ಲಿ ಇರಬೇಕಾದರೆ ಏನು ಮಾಡಬೇಕು, ಇದಿಷ್ಟು ಅವರ ಕೆಲಸ. ಇರುವುದು ಮೂರೇ ಜನ. ಈಗಲೇ ಒಪ್ಪಿಕೊಂಡ ಕೆಲಸ ಕೈತುಂಬ ಇದೆ, ಹೆಸರು, ನಂಬರ್ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಹಾಕಿಲ್ಲ. ಆದರೆ ಇಂಥ ಕೆಲಸ ಯಾರಿಂದ ಮಾಡಿಸಿದರೂ ಏನು ನೋಡಬೇಕು ಅನ್ನುವುದು ನಿಮಗೆ ಇದರಿಂದ ತಿಳಿಯುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಜಾಗ ಹೊಸನಗರ ತಾಲ್ಲೂಕಿನಲ್ಲಿದೆ, ನಿಟ್ಟೂರಿನ ಕಡೆ. ನಾನು ಮತ್ತು ಭಾವ ಸೇರಿ ತಗೊಂಡಿದ್ದು. ಮೇಲ್ಭಾಗದಲ್ಲಿ ಜಂಬಿಟ್ಟಿಗೆ (ಮುರಕಲ್ಲು) ನೆಲದ ಬ್ಯಾಣ, ಅಂದರೆ ಮರ ಇಲ್ಲದ ಹುಲ್ಲುಗಾವಲು. ನಡುವೆ ಲಂಟಾನ, ಯುಪಟೋರಿಯಂ ಅನ್ನುವ ಕಳೆಗಿಡಗಳು ತುಂಬಿದ ಇಳಿಜಾರು. ಕೆಳಗೆ ಹಳ್ಳ, ಹಳ್ಳದ ಎರಡೂ ಬದಿಗೆ ಹಳೆಯ ಮರಗಳು. ನಮಗೆ ಬೇಕಾಗಿದ್ದು ವಾಸಕ್ಕೆ ಒಂದು ಮನೆ ಮತ್ತು ನಾಲ್ಕು ಕೋಣೆಯ ಹೋಂಸ್ಟೇ. ಭೂಪರಿವರ್ತನೆಯ ಕಾಗದಪತ್ರ ಮುಗಿದ ಮೇಲೆ ಮೊದಲು ಬಂದು ನೋಡಿದ ಗುತ್ತಿಗೆದಾರರೊಬ್ಬರು ಹೇಳಿದ್ದು ಇಷ್ಟೇ: ಎರಡು ದಿನ ಜೆಸಿಬಿ ಬಿಟ್ಟು ಜಾಗ ಪೂರ್ತಿ ಕ್ಲೀನ್ ಮಾಡಿಸೋಣ, ಹಳ್ಳದ ಬದಿ ಕಾಂಕ್ರೀಟ್ ಗೋಡೆ ಕಟ್ಟೋಣ, ಆಮೇಲೆ ಲಾನ್ ಹಾಕಿ ಸುತ್ತ ಪಾಮ್ ನೆಡೋಣ. ಕೊಡಚಾದ್ರಿ ದಾರಿಯಲ್ಲಿ ಈಗ ಎಷ್ಟೋ ಕಡೆ ಕಾಣುವುದು ಇದೇ ಅಲ್ವಾ. ಅಮ್ಮನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಪರಿಚಯದವರೊಬ್ಬರು ಈ ತಂಡದ ಬಗ್ಗೆ ಹೇಳಿದರು, ಕರೆಸಿದೆವು.

ಅವರು ಬಂದು ಮೊದಲು ಕೇಳಿದ್ದು ನಕ್ಷೆಯನ್ನಲ್ಲ, ಸಮಯವನ್ನು. ಒಂದು ಮಳೆಗಾಲ, ಒಂದು ಬೇಸಿಗೆ ಜಾಗ ನೋಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ ಅಂದರು. ಭಾವನಿಗೆ ಸಿಟ್ಟು ಬಂತು, ಬ್ಯಾಂಕಿನ ಬಡ್ಡಿ ಓಡುತ್ತಿರುತ್ತಲ್ಲ. ಆದರೆ ಇದೇ ಇವರ ಸೇವೆಯ ಅತಿ ಮುಖ್ಯ ಭಾಗ ಅಂತ ನನಗೆ ಈಗ ಖಾತ್ರಿಯಾಗಿದೆ. ಬ್ಯಾಣ ಬೇಸಿಗೆಯಲ್ಲಿ ನೋಡಿದರೆ ಒಣಗಿದ ಹುಲ್ಲು ಮತ್ತು ಕಲ್ಲು, ಅಷ್ಟೇ. ಯಾರೇ ನೋಡಿದರೂ ಪಾಳು ಜಾಗ ಅನ್ನುತ್ತಾರೆ. ಮಳೆ ಹಿಡಿದ ಮೇಲೆ ಅದೇ ನೆಲದಲ್ಲಿ ನೆಲದ ಆರ್ಕಿಡ್‌ಗಳು ಏಳುತ್ತವೆ, ನೀರು ಜಿನುಗುವ ಕಡೆ ಹುಳ ಹಿಡಿದು ತಿನ್ನುವ ಡ್ರೊಸೆರಾ ಗಿಡಗಳು ಕೆಂಪಗೆ ನೆಲಕ್ಕೆ ಅಂಟಿಕೊಂಡಿರುತ್ತವೆ. ಟಿಟ್ಟಿಭ ಬರೀ ನೆಲದ ಮೇಲೆ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಇದನ್ನೆಲ್ಲ ಅವರು ನಮ್ಮನ್ನು ಕರೆದುಕೊಂಡು ಹೋಗಿ, ಕೂರಿಸಿ ತೋರಿಸಿದರು. ರಾತ್ರಿ ಟಾರ್ಚ್ ಹಿಡಿದು ಹಳ್ಳದ ಬದಿ ನಡೆದು ಕಪ್ಪೆಗಳ ಕೂಗು ಕೇಳಿ ಬರೆದುಕೊಂಡರು. ಪಕ್ಕದ ಮನೆಯ ದನ ಕಾಯುವ ಅಜ್ಜಯ್ಯನ ಹತ್ತಿರ ಕೂತು ಯಾವ ಒರತೆ ಯಾವ ತಿಂಗಳು ಬತ್ತುತ್ತದೆ, ಕಾಡುಕೋಣ ಯಾವ ಕಡೆಯಿಂದ ಇಳಿಯುತ್ತದೆ ಅಂತ ಕೇಳಿದರು. ಗ್ರಾಮ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲಾತಿಯನ್ನೂ ನೋಡಿಕೊಂಡು ಬಂದರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಬೀಜ, ಜನರ ತಿಳಿವಳಿಕೆ ಎಲ್ಲ ಸೇರಿದ ಒಂದು ದಾಖಲೆ ಇರಬೇಕು. ಜಾಗ ಕೊಳ್ಳುವವರು ಪಹಣಿ ನೋಡಿದ ಹಾಗೆ ಇದನ್ನೂ ಕೇಳಿ ನೋಡಬೇಕು.

ಆಮೇಲೆ ಕೊಟ್ಟ ನಕ್ಷೆಯಲ್ಲಿ ಮೂರು ಬಣ್ಣ. ಕೆಂಪು ಅಂದರೆ ಕಾಲಿಡುವುದಕ್ಕೂ ಯೋಚಿಸಿ. ಹಳದಿ ಅಂದರೆ ಸರಿಪಡಿಸಬಹುದಾದ ಜಾಗ. ಬೂದು ಅಂದರೆ ಕಟ್ಟಿಕೊಳ್ಳಿ. ಹಳ್ಳದ ಎರಡೂ ಬದಿ, ಒರತೆ, ಬ್ಯಾಣದ ಬಹುಪಾಲು ಕೆಂಪು. ಮನೆ ಬಂದಿದ್ದು ಲಂಟಾನ ತುಂಬಿದ್ದ ಇಳಿಜಾರಿನ ಮೇಲ್ತುದಿಗೆ, ಹಳೆಯ ಗಾಡಿ ದಾರಿಯ ಪಕ್ಕ. ನಮಗೆ ಹಳ್ಳ ಕಾಣುವ ಹಾಗೆ ಮನೆ ಬೇಕಿತ್ತು. ಕಾಣುವುದಿಲ್ಲ, ಕೇಳುತ್ತದೆ. ಅದನ್ನು ಒಪ್ಪಿಕೊಂಡೆವು. ಈಗಾಗಲೇ ಕೆಟ್ಟಿರುವ ಜಾಗದಲ್ಲೇ ಕಟ್ಟಿ, ಚೆನ್ನಾಗಿರುವುದನ್ನು ಬಿಡಿ ಅನ್ನುವುದು ಅವರ ಮೊದಲ ಮಾತು. ಮೊದಲು ಹಾನಿಯನ್ನೇ ತಪ್ಪಿಸು, ತಪ್ಪಿಸಲಾಗದ್ದನ್ನು ಕಡಿಮೆ ಮಾಡು, ಆಗಿದ್ದನ್ನು ಅಲ್ಲೇ ಸರಿಪಡಿಸು, ಅದೂ ಆಗದಿದ್ದರೆ ಮಾತ್ರ ಬೇರೆ ಕಡೆ ತುಂಬಿಕೊಡು. ಈ ಕ್ರಮ ಹಿಂದುಮುಂದಾಗಬಾರದು.

ಇದು ಅವರ ಸ್ವಂತ ಕಲ್ಪನೆ ಏನಲ್ಲ, ಬೇರೆ ದೇಶಗಳಲ್ಲಿ ಕಾನೂನಿನ ತನಕ ಬಂದಿದೆ. ಇಂಗ್ಲೆಂಡಿನಲ್ಲಿ 2021ರ ಪರಿಸರ ಕಾಯ್ದೆಯ ಅಡಿ, 2024ರ ಫೆಬ್ರವರಿ 12ರಿಂದ ದೊಡ್ಡ ಕಟ್ಟಡ ಯೋಜನೆಗಳಿಗೆ, ಏಪ್ರಿಲ್ 2ರಿಂದ ಸಣ್ಣವಕ್ಕೂ ಒಂದು ನಿಯಮ ಇದೆ. ಕೆಲವು ವಿನಾಯಿತಿ ಬಿಟ್ಟರೆ, ಯೋಜನೆಯಿಂದ ಜೀವವೈವಿಧ್ಯದ ಲೆಕ್ಕ ಮೊದಲಿದ್ದಕ್ಕಿಂತ ಕನಿಷ್ಠ ಶೇ 10ರಷ್ಟು ಜಾಸ್ತಿ ಆಗಬೇಕು, ಮತ್ತು ಅದನ್ನು 30 ವರ್ಷ ನೋಡಿಕೊಳ್ಳಬೇಕು. ಎಷ್ಟು ಜಾಗ, ಅದು ಎಂಥ ನೆಲೆ, ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು ಅಂಕಿಗೆ ಇಳಿಸಿ ಮೊದಲು ಮತ್ತು ನಂತರ ಹೋಲಿಸುತ್ತಾರೆ. ನಮ್ಮ ತಂಡ ಅದನ್ನೇ ಸರಳ ಮಾಡಿ ಒಂದು ಪಟ್ಟಿ ಹಾಕಿಕೊಟ್ಟಿತು. ಅಲ್ಲಿಯ ನಿಯಮದಲ್ಲಿ ನನಗೆ ತುಂಬಾ ಸರಿ ಅನ್ನಿಸಿದ್ದು ಇನ್ನೊಂದು. ಶತಮಾನಗಳ ಹಳೆಯ ಕಾಡನ್ನು ಅವರು ಮತ್ತೆ ಮಾಡಲಾಗದ್ದು ಅಂತ ಪ್ರತ್ಯೇಕ ಇಟ್ಟಿದ್ದಾರೆ. ಅದನ್ನು ಕಡಿದು ಶೇ 10 ಜಾಸ್ತಿ ಮಾಡಿದೆ ಅಂತ ಲೆಕ್ಕ ತೋರಿಸಲು ಬರುವುದಿಲ್ಲ. ನಮ್ಮ ಕಾನು (ದಟ್ಟ ಹಳೆಯ ಕಾಡು), ದೇವರ ಬನ, ರಾಮಪತ್ರೆ ಜಡ್ಡಿಗಳ (ಜೌಗು ಕಾಡುಗಳ) ವಿಷಯವೂ ಹಾಗೇ ಅಲ್ವಾ? ವರ್ಷವಿಡೀ ನೀರು ನಿಲ್ಲುವ ಕೆಸರಿನಲ್ಲಿ ಉಸಿರಾಡುವ ಬೇರುಗಳನ್ನು ಮೇಲೆತ್ತಿ ನಿಂತ ರಾಮಪತ್ರೆ ಜಾತಿಯ ಮರಗಳನ್ನು ಕಡಿದು, ಬೇರೆ ಕಡೆ ಸಾವಿರ ಸಸಿ ನೆಟ್ಟೆ ಅಂದರೆ ಅದಕ್ಕೆ ಯಾವ ಅರ್ಥವೂ ಇಲ್ಲ.

ಬ್ಯಾಣದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಜಗಳ ಆಗಿದ್ದು ಅಲ್ಲೇ. ಭಾವನಿಗೆ ಅಲ್ಲಿ ಮಿಯಾವಾಕಿ ಕಾಡು ಬೇಕಿತ್ತು. ಒತ್ತೊತ್ತಾಗಿ ಗಿಡ ನೆಟ್ಟರೆ ಬೇಗ ಕಾಡಾಗುತ್ತದೆ, ಬಂದವರಿಗೆ ತೋರಿಸಬಹುದು ಅಂತ. ತಂಡದ ಹಿರಿಯರು, "ಮಾರಾಯ್ರೆ, ಅಲ್ಲಿ ಮರ ಇರಬೇಕಿದ್ದರೆ ಇಷ್ಟು ಹೊತ್ತಿಗೆ ತಾನೇ ಬರುತ್ತಿತ್ತು, ಅಲ್ಲಿರುವುದೇ ಅರ್ಧ ಅಡಿ ಮಣ್ಣು" ಅಂದರು. ನೆಡಬೇಕಾದರೆ ಜಂಬಿಟ್ಟಿಗೆ ಒಡೆದು ಗುಂಡಿ ತೋಡಬೇಕು, ಹೊರಗಿನಿಂದ ಮಣ್ಣು ತರಬೇಕು, ಆ ಮಣ್ಣಿನ ಜೊತೆ ಕಳೆ ಬೀಜ ಬರುತ್ತದೆ. ನೆರಳು ಬಿದ್ದ ಮೇಲೆ ಬಿಸಿಲು ಬೇಕಾದ ಹುಲ್ಲು, ಆರ್ಕಿಡ್, ಡ್ರೊಸೆರಾ ಎಲ್ಲ ಹೋಗುತ್ತವೆ. ಸಸಿ ನೆಟ್ಟು ಜೀವವೈವಿಧ್ಯ ಕಳೆದುಕೊಳ್ಳುವುದು ಅಂದರೆ ಇದೇ. ನಮ್ಮ ಜಿಲ್ಲೆಯಲ್ಲಿ ಕಾಗದದ ಕಾರ್ಖಾನೆಗಾಗಿ ಅಕೇಶಿಯ ಹಾಕಿದ ಗುಡ್ಡಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿರಾಗಿ ಕಾಣುತ್ತವೆ, ಒಳಗೆ ಹೋದರೆ ದನಕ್ಕೆ ಹುಲ್ಲಿಲ್ಲ. ತಂಡದವರು ಆ ಭಾಗಕ್ಕೆ ಗಿಡ ನೆಡುವ ಕೆಲಸವನ್ನೇ ಒಪ್ಪಲಿಲ್ಲ. ಅಷ್ಟು ಗಿಡಕ್ಕೆ ಬರುತ್ತಿದ್ದ ದುಡ್ಡು ಅವರಿಗೆ ಹೋಯಿತು. ದುಡ್ಡು ಬಿಟ್ಟು ಬೇಡ ಅನ್ನುವವರನ್ನು ನಾನು ನಂಬುತ್ತೇನೆ.

ಬ್ಯಾಣವನ್ನು ಹಾಗೇ ಬಿಡುವುದೂ ಸರಿಯಲ್ಲ ಅಂತಲೂ ಅವರೇ ಹೇಳಿದರು. ಮಳೆ ಹೋಗಿ ಹುಲ್ಲು ಬೀಜ ಉದುರಿಸಿದ ಮೇಲೆ ಕರಡ (ಒಣಹುಲ್ಲು) ಕೊಯ್ಯಬೇಕು, ಇಲ್ಲದಿದ್ದರೆ ಯುಪಟೋರಿಯಂ ನುಗ್ಗುತ್ತದೆ, ಬೇಸಿಗೆಯಲ್ಲಿ ಬೆಂಕಿಗೂ ದಾರಿ. ಅಜ್ಜಯ್ಯನ ಮಲೆನಾಡು ಗಿಡ್ಡ ದನಗಳು ಮೊದಲಿನ ಹಾಗೇ ಮೇಯಲು ಬರುತ್ತವೆ, ಮಳೆಗಾಲದ ಹೂವಿನ ಕಾಲದಲ್ಲಿ ಮಾತ್ರ ಆ ಕಡೆ ಬಿಡುವುದಿಲ್ಲ ಅಂತ ಬಾಯಿಮಾತಿನ ಒಪ್ಪಂದ. ಬೇಲಿ ಹಾಕಿ ಅವರನ್ನು ಹೊರಗಿಡುವ ಯೋಚನೆ ನಮ್ಮ ಮನೆಯಲ್ಲಿ ಕೆಲವರಿಗೆ ಇತ್ತು, ತಂಡ ಅದನ್ನು ಬಿಡಿಸಿತು. ಒಳ್ಳೆಯ ಕೆಲಸ.

ಇಳಿಜಾರಿನ ವಿಷಯದಲ್ಲಿ ಅವರ ತಿಳಿವಳಿಕೆ ನನಗೆ ತುಂಬಾ ಹಿಡಿಸಿತು. ಈಗ ಎಲ್ಲರೂ ಇಂಗುಗುಂಡಿ ಇಂಗುಗುಂಡಿ ಅನ್ನುತ್ತಾರೆ, ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಜಂಬಿಟ್ಟಿಗೆಯ ಕೆಳಗೆ ಶೇಡಿಮಣ್ಣು ಇರುತ್ತದೆ. ನೀರು ಕುಡಿದರೆ ಅದು ಜಾರುತ್ತದೆ. ಧರೆ (ಗುಡ್ಡದ ಬದಿ) ಕಡಿದ ಜಾಗದ ಮೇಲ್ಗಡೆ ಗುಂಡಿ ತೋಡಿ ಮಳೆಗಾಲದ ನೀರನ್ನು ಇಂಗಿಸಿದರೆ ಧರೆಯೇ ಕೂತುಬಿಡಬಹುದು. ಆದ್ದರಿಂದ ಅವರು ಮಣ್ಣು ಪರೀಕ್ಷೆ ಮಾಡಿಸಿ, ಮನೆಯ ಮೇಲ್ಗಡೆ ನೀರು ನಿಲ್ಲದೆ ನಿಧಾನ ಹರಿದು ಪಕ್ಕಕ್ಕೆ ಹೋಗುವ ಅಗಳ ಮಾಡಿಸಿದರು, ಇಂಗಿಸುವ ಕೆಲಸವನ್ನು ಕೆಳಗಿನ ಸಮತಟ್ಟಿಗೆ ತಂದರು. ಧರೆಯನ್ನು ಒಂದೇ ಏಟಿಗೆ ಎತ್ತರಕ್ಕೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅದಕ್ಕೆ ಲಾವಂಚ ಮತ್ತು ಊರಿನದೇ ಹುಲ್ಲು ಕೊಟ್ಟರು. ಕಾಂಕ್ರೀಟ್ ಗೋಡೆಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಅರ್ಧ ಉಳಿಯಿತು.

ಜೆಸಿಬಿ ಬಂದ ದಿನ ಅವರಲ್ಲಿ ಒಬ್ಬರು ಬೆಳಗ್ಗೆಯಿಂದ ಸಂಜೆ ತನಕ ಚಾಲಕರ ಪಕ್ಕದಲ್ಲೇ ನಿಂತಿದ್ದರು. ಉಳಿಸುವ ಮರಗಳಿಗೆ ಬುಡದಿಂದ ದೂರದಲ್ಲಿ, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ ಹಗ್ಗ ಕಟ್ಟಿದ್ದರು, ಅದರೊಳಗೆ ಯಂತ್ರವೂ ಇಲ್ಲ, ಜಲ್ಲಿ ಮರಳಿನ ರಾಶಿಯೂ ಇಲ್ಲ. ಬೇರಿನ ಮೇಲೆ ಭಾರ ಬಿದ್ದು ಮಣ್ಣು ಗಟ್ಟಿಯಾದರೆ ಮರ ಆಗಲೇ ಸಾಯುವುದಿಲ್ಲ, ಎರಡು ಮೂರು ವರ್ಷ ಬಿಟ್ಟು ಒಣಗುತ್ತದೆ. ಆಗ ಯಾರಿಗೂ ಕಾರಣ ಗೊತ್ತಾಗುವುದಿಲ್ಲ. ಮೇಲಿನ ಕಪ್ಪು ಮಣ್ಣನ್ನು ಬೇರೆಯಾಗಿ ತೆಗೆದು ಒಂದು ಕಡೆ ರಾಶಿ ಹಾಕಿ ದರಗು (ಒಣಗಿದ ಎಲೆ) ಮುಚ್ಚಿಸಿದರು, ಕೆಲಸ ಮುಗಿದ ಮೇಲೆ ಅದನ್ನೇ ಹರಡಿದರು. ಆ ಮಣ್ಣಿನಲ್ಲೇ ಊರಿನ ಬೀಜ ಇರುತ್ತದೆ, ಎರೆಹುಳು ಇರುತ್ತದೆ, ಅದನ್ನು ಅಡಿಪಾಯಕ್ಕೆ ತುಂಬಿ ಆಮೇಲೆ ಗೊಬ್ಬರ ಕೊಂಡು ತರುವುದು ನಿಜಕ್ಕೂ ನಷ್ಟದ ಕೆಲಸ. ಹುತ್ತ ಇದ್ದ ಕಡೆ ದಾರಿಯನ್ನೇ ತಿರುಗಿಸಿದರು. ಒಣಗಿ ನಿಂತಿದ್ದ ಒಂದು ಮತ್ತಿ ಮರವನ್ನು ಕಡಿಯಲು ಬಿಡಲಿಲ್ಲ, ಮನೆಯಿಂದ ದೂರ ಇದೆ, ಬಿದ್ದರೂ ಯಾರಿಗೂ ಅಪಾಯ ಇಲ್ಲ ಅಂತ ನೋಡಿಕೊಂಡೇ ಹೇಳಿದರು. ಮರಕುಟುಗ, ಕುಟ್ರುಹಕ್ಕಿ ಗೂಡು ಕೊರೆಯುವುದು ಇಂಥ ಮರದಲ್ಲೇ. ಮಣ್ಣಿನ ಕೆಲಸ ಪೂರ್ತಿ ಮಾರ್ಚ್ ಒಳಗೆ ಮುಗಿಯಿತು, ಮೊದಲ ಮಳೆಗೆ ಹಳ್ಳದ ನೀರು ಕೆಂಪಾಗಲಿಲ್ಲ.

ಲಂಟಾನ ತೆಗೆಯುವುದನ್ನು ಒಂದೇ ಸಲ ಮಾಡಿಸಲಿಲ್ಲ. ಪಿಕಳಾರ ಮತ್ತು ಇತರ ಸಣ್ಣ ಹಕ್ಕಿಗಳು ಅದರಲ್ಲೇ ಅಡಗುತ್ತವೆ, ಗೂಡು ಕಟ್ಟುತ್ತವೆ. ಒಂದು ಪಟ್ಟಿ ತೆಗೆದು, ಅಲ್ಲಿ ಊರ ಗಿಡ ಏಳುವ ತನಕ ಮುಂದಿನ ಪಟ್ಟಿ ಮುಟ್ಟಬಾರದು. ಸವರಿದರೆ ಮತ್ತೆ ಚಿಗುರುತ್ತದೆ, ಬೇರು ಸೇರುವ ಗಂಟಿನ ಕೆಳಗೆ ಕಡಿದು ಬುಡಮೇಲಾಗಿ ನಿಲ್ಲಿಸಬೇಕು ಅಂತ ನಮ್ಮ ಕೆಲಸದವರಿಗೆ ಮಾಡಿ ತೋರಿಸಿದರು.

ಗಿಡಗಳ ಆಯ್ಕೆ ಚೆನ್ನಾಗಿದೆ. ಹಳ್ಳದ ಬದಿಗೆ ಹೊಳೆಮತ್ತಿ, ನೇರಳೆ, ಅಪ್ಪೆಮಿಡಿ. ಇಳಿಜಾರಿಗೆ ಹೊನ್ನೆ, ನಂದಿ, ಉಪ್ಪಾಗೆ, ಮುರುಗಲು, ಹೆಬ್ಬಲಸು, ಅಂಟುವಾಳ, ಬೈನೆ. ದೂರದಲ್ಲಿ ಒಂದು ಗೋಣಿ, ಒಂದು ಅತ್ತಿ, ಯಾಕೆಂದರೆ ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಇಂಥ ಮರಗಳಲ್ಲಿ ಏನಾದರೂ ಸಿಗುತ್ತದೆ, ಮಂಗಟ್ಟೆಗೂ ಕೆಂಜಳಿಲಿಗೂ ಅದು ಊಟ. ಬೇಲಿಗೆ ಲಕ್ಕಿ, ದಾಸವಾಳ, ತೇವದ ಕಡೆ ಕೇದಿಗೆ. ಗಿಡಗಳಲ್ಲಿ ಹೆಚ್ಚಿನವನ್ನು ಹತ್ತಿರದ ಕಾಡಂಚಿನ ತೋಟಗಳಿಂದ ಬೀಜ ತಂದು ಅವರೇ ಎಬ್ಬಿಸಿದ್ದು. ಆರಿದ್ರಾ ಮಳೆ ಹಿಡಿದ ಮೇಲೆ ನೆಟ್ಟಿದ್ದು, ಹೆಚ್ಚಿನವು ಬದುಕಿವೆ. ಒಂದು ಉಪಕಾರದ ಮಾಹಿತಿ ಕೊಟ್ಟರು, ನಿಮಗೂ ಹೇಳುತ್ತೇನೆ: ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ಸಸ್ಯಕ್ಷೇತ್ರದಿಂದ ತಂದ ಸಸಿ ಬದುಕಿ ಉಳಿದರೆ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟಿದ್ದಕ್ಕೆ ದುಡ್ಡಲ್ಲ, ಬದುಕಿದ್ದಕ್ಕೆ ದುಡ್ಡು. ನನಗೆ ಈ ಕ್ರಮ ಬಹಳ ಸರಿ ಅನ್ನಿಸುತ್ತದೆ. ಕೃಷಿ ಜಮೀನಾಗಿ ಉಳಿದ ಭಾಗಕ್ಕೆ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ.

ಕೊಳದ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ ಶೀಟ್ ಹಾಸಿದ, ಗೋಡೆಯ ಹಾಗೆ ನೇರ ಇಳಿದ ಕೃಷಿಹೊಂಡಗಳಲ್ಲಿ ನೀರು ಕುಡಿಯಲು ಬಂದ ಪ್ರಾಣಿಗಳು ಬಿದ್ದು ಹತ್ತಲಾಗದೆ ಸಾಯುತ್ತವೆ. ಇವರು ಮಾಡಿದ ಕೊಳದ ಒಂದು ಬದಿ ನಿಧಾನ ಇಳಿಜಾರು, ಅಲ್ಲಿ ಕಲ್ಲು ಮತ್ತು ಜೊಂಡು. ಮೇಲೆ ಚಾಚಿದ ಕೊಂಬೆಗಳನ್ನು ಸವರಲಿಲ್ಲ, ಕೆಲವು ಮರಗಪ್ಪೆಗಳು ನೀರಿನ ಮೇಲಿನ ಎಲೆಗೆ ನೊರೆಯ ಗೂಡು ಕಟ್ಟುತ್ತವೆ, ಮರಿಗಳು ಕೆಳಗೆ ನೀರಿಗೆ ಬೀಳಬೇಕು. ಮೀನು ಬಿಡಬೇಡಿ ಅಂದರು, ಗೊದಮೊಟ್ಟೆಗಳನ್ನೂ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ತಿಂದು ಖಾಲಿ ಮಾಡುತ್ತವೆ. ಏರೋಪ್ಲೇನ್ ಚಿಟ್ಟೆ ಮರಿಗಳೇ ಸೊಳ್ಳೆ ಮರಿಗಳನ್ನು ತಿನ್ನುವುದರಿಂದ ಸೊಳ್ಳೆಯ ಭಯ ಅಷ್ಟು ಬೇಡ.

ದೀಪಗಳನ್ನು ಕಡಿಮೆ ಮಾಡಿಸಿದರು. ಇರುವವು ಹಳದಿ ಬೆಳಕಿನವು, ನೆಲ ನೋಡುವ ಹಾಗೆ ಹಾಕಿದವು, ಹತ್ತು ಗಂಟೆಗೆ ಆರುತ್ತವೆ. ಮಿಣುಕುಹುಳಗಳು ಮಿನುಗಿಯೇ ಜೋಡಿ ಹುಡುಕುವುದು, ಮೇ ಜೂನ್ ತಿಂಗಳಲ್ಲಿ ಅಂಗಳದ ಲೈಟು ಉರಿಯುತ್ತಿದ್ದರೆ ಅವಕ್ಕೆ ಒಂದಕ್ಕೊಂದು ಕಾಣುವುದಿಲ್ಲ. ದೊಡ್ಡ ಗಾಜಿನ ಕಿಟಕಿಗಳಿಗೆ ಹೊರಗಿನಿಂದ ಬಿದಿರಿನ ತಡಿಕೆ ಕೊಟ್ಟರು, ಹಕ್ಕಿಗಳು ಗಾಜಿಗೆ ಬಡಿದು ಸಾಯದಿರಲಿ ಅಂತ.

ಇನ್ನು ಕೊರತೆಗಳು. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ತೋಟದ ಕೆಲಸ ನೋಡಿಕೊಳ್ಳುವವರು ಅಪ್ಪಯ್ಯ ಮತ್ತು ಊರಿನ ಆಳುಗಳು, ಅವರಿಗೆ ಓದಲು ಬರಬೇಕಲ್ಲ. ಕೇಳಿದ ಮೇಲೆ ಕನ್ನಡದಲ್ಲಿ ಕೊಟ್ಟರು, ಆದರೆ ತುಂಬಾ ತಡವಾಗಿ. ಕೊಳ ಏಪ್ರಿಲ್‌ನಲ್ಲಿ ಒಣಗುತ್ತದೆ, ಒಣಗಿದರೆ ಮೀನು ನೆಲೆಯಾಗುವುದಿಲ್ಲ, ಕಪ್ಪೆಗಳಿಗೆ ಒಳ್ಳೆಯದು ಅನ್ನುತ್ತಾರೆ. ವಿಷಯ ಸರಿಯೇ, ಮೊದಲೇ ಹೇಳಬೇಕಿತ್ತು. ಶುರುವಿನ ಸಮೀಕ್ಷೆಯಲ್ಲಿ ಹಕ್ಕಿ, ಕಪ್ಪೆ, ಮರಗಿಡಗಳ ಪಟ್ಟಿ ವಿವರವಾಗಿದೆ, ಜೇನು ಮತ್ತು ಚಿಟ್ಟೆಗಳದ್ದು ಬರೀ ನಾಲ್ಕು ಸಾಲು. ಹಾಗಾಗಿ ಈಗ ತುಡುವೆ ಜೇನು ಜಾಸ್ತಿ ಕಾಣುತ್ತಿದೆ ಅಂತ ನಮಗೆ ಅನ್ನಿಸಿದರೂ ಮೊದಲು ಎಷ್ಟಿತ್ತು ಅಂತ ಹೋಲಿಸಲು ದಾರಿ ಇಲ್ಲ. ದೊಡ್ಡ ಕೊರತೆ ಅವಧಿಯದ್ದು. ಬಂದು ನೋಡಿಹೋಗುವ ಒಪ್ಪಂದ ಮೂರು ವರ್ಷಕ್ಕೆ ಮಾತ್ರ. ಹೆಬ್ಬಲಸು, ಹೊನ್ನೆಗಳಿಗೆ ಮೂರು ವರ್ಷ ಅಂದರೆ ಏನೂ ಅಲ್ಲ. ಕಡಿಮೆ ಪಕ್ಷ ಹತ್ತು ವರ್ಷ, ವರ್ಷಕ್ಕೊಮ್ಮೆ ಬಂದು ಅದೇ ಜಾಗಗಳಲ್ಲಿ ಅದೇ ಕ್ರಮದಲ್ಲಿ ಎಣಿಸಿ ಬರೆದುಕೊಡುವ ವ್ಯವಸ್ಥೆ ಬೇಕು, ಅದಕ್ಕೆ ದುಡ್ಡು ಕೊಡಲು ನಾವು ತಯಾರಿದ್ದೇವೆ ಅಂತ ಹೇಳಿದ್ದೇವೆ.

ಖರ್ಚು: ಸಮೀಕ್ಷೆ ಮತ್ತು ನಕ್ಷೆಗೆ 60 ಸಾವಿರ, ಕೆಲಸದ ಉಸ್ತುವಾರಿ ಬೇರೆ, ಗಿಡ ಮತ್ತು ಕೂಲಿ ನಮ್ಮದು. ಕಡಿಮೆ ಏನಲ್ಲ. ಆದರೆ ಗೋಡೆ, ಲಾನ್, ಸುತ್ತಲ ಕಾಂಪೌಂಡ್ ಇಷ್ಟೂ ಕೈಬಿಟ್ಟಿದ್ದರಿಂದ ಒಟ್ಟು ಲೆಕ್ಕದಲ್ಲಿ ಮೊದಲ ಗುತ್ತಿಗೆದಾರರ ಅಂದಾಜಿಗಿಂತ ಕೆಳಗೇ ಇದ್ದೇವೆ. ಸಣ್ಣ ಸೈಟಿನವರಿಗೆ ಇಷ್ಟು ದೊಡ್ಡ ಸಮೀಕ್ಷೆ ಬೇಕಾಗುವುದಿಲ್ಲ, ಒಂದು ದಿನ ಬಂದು ನೋಡಿ ಸಲಹೆ ಕೊಡುವುದಕ್ಕೂ ಅವರು ಒಪ್ಪುತ್ತಾರೆ.

ಇಂಥ ತಂಡವನ್ನು ನೀವು ಹುಡುಕುವುದಾದರೆ ಒಪ್ಪುವ ಮುಂಚೆ ಒಂದು ಪ್ರಶ್ನೆ ಕೇಳಿ: ನಮ್ಮ ಜಾಗದಲ್ಲಿ ಏನನ್ನು ಮುಟ್ಟಬಾರದು? ಅದಕ್ಕೆ ಅಲ್ಲೇ ಥಟ್ಟಂತ ಉತ್ತರ ಕೊಡುವವರನ್ನೂ, ನೇರ ಗಿಡಗಳ ರೇಟು ಹೇಳುವವರನ್ನೂ ಬಿಡಿ. ಕರೆಯುವುದು ಜೂನ್ ಜುಲೈಯಲ್ಲೇ ಆಗಲಿ, ಬ್ಯಾಣ, ಒರತೆ, ಕಪ್ಪೆ ಕಾಣುವುದು ಆಗಲೇ. ಜನವರಿ ನಂತರ ನಮ್ಮ ತಂಡದವರಂತೂ ಫೋನ್ ಎತ್ತುವುದೇ ಕಷ್ಟ, ಆಗ ಎಲ್ಲರ ಜಾಗದಲ್ಲೂ ಜೆಸಿಬಿ ಓಡುತ್ತಿರುತ್ತದೆ.